ಸಣ್ಣ ರೈತರಿಗೆ ಬಿಸಿನೆಸ್ ಪ್ಲಾನ್ ಕಲಿಸೋದು ಹೇಗೆ? ನನ್ನ ಮೊದಲ ತರಬೇತಿ ಪೂರ್ತಿ ನೆಲಕಚ್ಚಿತು

ತರಬೇತಿ_ಸುಸ್ತು

ಎಲ್ಲರಿಗೂ ನಮಸ್ಕಾರ. ಉದ್ದ ಪೋಸ್ಟ್, ಓದಿ ಬೈದ್ರೂ ಪರವಾಗಿಲ್ಲ. ಸಣ್ಣ ಹಿಡುವಳಿ ರೈತರ ಒಂದು ಗುಂಪಿಗೆ ವ್ಯವಹಾರ ಯೋಜನೆ ಕಲಿಸೋ ಕೆಲಸ ನನ್ನ ತಲೆಗೆ ಬಂತು. 26 ಜನ, ಅದರಲ್ಲಿ 11 ಜನ ಹೆಂಗಸರು. ನನ್ನ ಕೈಗೆ ಕೊಟ್ಟಿದ್ದು 32 ಪುಟದ ಒಂದು ಫಾರ್ಮು. ಧ್ಯೇಯ ಏನು, ಗುರಿ ಏನು, ಬಲ ಏನು, ದೌರ್ಬಲ್ಯ ಏನು ಅಂತ ನಾಲ್ಕು ಚೌಕ, ಆಮೇಲೆ ಐದು ವರ್ಷದ ಆದಾಯದ ಅಂದಾಜು. ಮೂರು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಗಂಟಲು ಹರ್ಕೊಂಡೆ. ಕೊನೇ ದಿನ ಫಾರ್ಮು ವಾಪಸ್ ತಗೊಂಡು ನೋಡ್ತೀನಿ, 26ರಲ್ಲಿ 19 ಫಾರ್ಮಿನಲ್ಲಿ ಒಂದೇ ಅಂಕಿ! ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬ ಹುಡುಗ ಬರೆದಿದ್ದನ್ನ ಎಲ್ಲರೂ ನಕಲು ಹೊಡೆದಿದ್ದಾರೆ. ಆ ಹುಡುಗ ರೈತನೂ ಅಲ್ಲ, ಅವರ ಅಜ್ಜನ್ನ ಕರ್ಕೊಂಡು ಬಂದಿದ್ದ ಅಷ್ಟೆ.

ಹೊರಡೋವಾಗ ಒಬ್ರು ಹಿರಿಯರು ಕೇಳಿದ್ರು, "ಇದನ್ನ ಕೊಟ್ರೆ ಸಾಲ ಸಿಗುತ್ತಾ?" ನನಗೆ ಉತ್ತರ ಗೊತ್ತಿರ್ಲಿಲ್ಲ. "ಸಿಗದಿದ್ರೆ ಮೂರು ದಿನ ಯಾಕೆ ಕೂರಿಸಿದ್ರಿ" ಅಂತ ಬಾಯ್ಬಿಟ್ಟು ಕೇಳ್ಲಿಲ್ಲ ಪುಣ್ಯ, ಮುಖದಲ್ಲೇ ಇತ್ತು.

ಮುಂದಿನ ತಿಂಗಳು ಅದೇ ಗುಂಪಿನ ಜೊತೆ ಇನ್ನೊಂದು ಅವಕಾಶ ಇದೆ. ಈ ಸಲ ಫಾರ್ಮು ಬೇಡ ಅಂತ ಕೇಳ್ಕೊಂಡಿದೀನಿ, ಸರಿ ಅಂದಿದ್ದಾರೆ. ಹಾಗಾದ್ರೆ ಏನು ಮಾಡ್ಲಿ? ನಿಜವಾಗ್ಲೂ ಕಲಿಸಿದವರು, ಕಲಿತವರು ಹೇಳಿ.

ಅರ್ಧಎಕರೆ

ಸರ, ಮೊದಲ ಒಂದ ಮಾತ ಹೇಳ್ತೀನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಸಣ್ಣ ರೈತಗ ಪ್ಲಾನ್ ಮಾಡಾಕ ಬರೂದಿಲ್ಲ ಅಂತ ಯಾರ ಹೇಳಿದ್ರು ನಿಮಗ? ಮಳಿ ಯಾವಾಗ ಬರ್ತೈತಿ ಗೊತ್ತಿಲ್ಲ, ರೇಟ್ ಏನ್ ಆಗ್ತೈತಿ ಗೊತ್ತಿಲ್ಲ, ಆಳು ಸಿಗ್ತಾರೋ ಇಲ್ಲೋ ಗೊತ್ತಿಲ್ಲ, ಇಷ್ಟ ಎಲ್ಲಾ ತಲ್ಯಾಗ ಇಟ್ಕೊಂಡ ವರ್ಷಾವರ್ಷಾ ಮನಿ ನಡಸ್ತಾನಲ್ಲ, ಅದು ಪ್ಲಾನ್ ಅಲ್ದ ಮತ್ತೇನ್ರಿ? ಬರದ ಇಟ್ಟಿಲ್ಲ ಅಷ್ಟ. ನೀವು ಐದ ವರ್ಷದ ಅಂದಾಜು ಕೇಳಿದ್ರಿ, ಮುಂದಿನ ಐದ ವಾರದ್ದು ಹೇಳಾಕ ಆಗೂದಿಲ್ಲ ಇಲ್ಲಿ. ನಕಲ ಹೊಡದದ್ದು ಸೋಮಾರಿತನಕ್ಕ ಅಲ್ಲ, ಕೇಳಿದ್ದು ಅವರ ಪ್ರಶ್ನೀನ ಅಲ್ಲ ಅಂತ.

ತರಬೇತಿ_ಸುಸ್ತು

ಅಣ್ಣಾ, ಒಪ್ಪಿದೆ. ಹೊಡೆತ ಸರಿಯಾದ ಜಾಗಕ್ಕೇ ಬಿತ್ತು. ಹಾಗಾದ್ರೆ ಅವರ ಪ್ರಶ್ನೆ ಯಾವುದು?

ಅರ್ಧಎಕರೆ

ಈ ಸಲ ಏನ್ ಹಾಕ್ಲಿ, ಎಷ್ಟ ಜಾಗಕ್ಕ ಹಾಕ್ಲಿ, ಯಾವಾಗ ಮಾರ್ಲಿ, ಸಾಲ ಎಷ್ಟ ತಗೊಂಡ್ರ ಉಸುರು ಕಟ್ಟೂದಿಲ್ಲ. ಇವ ನಾಕ ಪ್ರಶ್ನಿ. ಇದರ ಮ್ಯಾಲ ಇಲ್ಲದ್ದು ಯಾವುದೂ ಬ್ಯಾಡ.

ಲೆಕ್ಕದಕ್ಕ

ಅಣ್ಣ ಹೇಳಿದ ನಾಲ್ಕು ಪ್ರಶ್ನೆಗೂ ಬುಡದಲ್ಲಿ ಒಂದು ಲೆಕ್ಕ ಇದೆ, ಅದು ಮುಂದಿನ ವರ್ಷದ್ದಲ್ಲ, ಹೋದ ಬೆಳೆದ್ದು. ನಾನು ಹತ್ತಾರು ಗುಂಪುಗಳ ಜೊತೆ ಕೂತು ಮಾಡಿದೀನಿ, ಯಾವಾಗ್ಲೂ ಶುರು ಮಾಡೋದು ಇಲ್ಲಿಂದ: ಮುಗಿದು ಹೋದ ಒಂದೇ ಒಂದು ಬೆಳೆ, ಒಂದೇ ಒಂದು ಮನೆ, ಅವರೇ ಬಾಯಲ್ಲಿ ಹೇಳ್ತಾ ಹೋಗೋದು, ಉಳಿದವರು ತಿದ್ದೋದು. "ಅಲ್ಲ ಕಣೋ, ಎರಡು ಸಲ ಔಷಧಿ ಹೊಡೆದೆ ಅಂತೀಯ, ನಾಲ್ಕು ಸಲ ಪಂಪ್ ಕೇಳ್ಕೊಂಡು ನಮ್ಮನೆಗೆ ಬಂದಿದ್ದೆ" ಅಂತ ಪಕ್ಕದವನು ಹೇಳ್ತಾನೆ. ಆ ಜಗಳದಲ್ಲೇ ಪಾಠ ಅರ್ಧ ಮುಗಿಯುತ್ತೆ.

ಒಂದು ಉದಾಹರಣೆ ಕೊಡ್ತೀನಿ, ದುಡ್ಡಿನ ಹೆಸರು ಬೇಡ, ಬರೀ ಅಂಕಿ ತಗೊಳ್ಳಿ. ಒಂದು ಸಣ್ಣ ತುಂಡು ಜಮೀನಲ್ಲಿ ಟೊಮ್ಯಾಟೊ. 500 ಕ್ರೇಟ್ ಬಂತು, ಕ್ರೇಟಿಗೆ 20ರಂತೆ ಹೋಯ್ತು, ಒಟ್ಟು 10,000. ರೈತ ಹೇಳೋದು "ಹತ್ತು ಸಾವಿರ ಬಂತು, ಒಳ್ಳೇ ಬೆಳೆ". ಈಗ ಖರ್ಚು: ಸಸಿ 800, ಗೊಬ್ಬರ 1,700, ಔಷಧಿ 900, ಕೂಲಿ 2,200, ಕೋಲು ದಾರ 600, ಸಾಗಾಟ 1,200, ಕಮಿಷನ್ 500. ಕೂಡಿದ್ರೆ 7,900. ಕೈಗೆ ಉಳಿದಿದ್ದು 2,100. ಇಲ್ಲಿಗೆ ಗುಂಪಲ್ಲಿ ಒಂದು ನಿಮಿಷ ಯಾರೂ ಮಾತಾಡಲ್ಲ. ಆಮೇಲೆ ನಾನು ಕೇಳೋದು, "ಮನೆಯವರು ಎಷ್ಟು ದಿನ ದುಡಿದ್ರಿ?" ಎಲ್ಲಾ ಸೇರಿ 70 ದಿನ. 2,100ನ್ನ 70ರಿಂದ ಭಾಗಿಸಿದ್ರೆ ದಿನಕ್ಕೆ 30. ಅದೇ ಊರಲ್ಲಿ ಕೂಲಿ 50. ಅಂದ್ರೆ ಅವರ ಹೊಲದಲ್ಲಿ ಅವರೇ ಕೂಲಿಯವರಿಗಿಂತ ಕಮ್ಮಿಗೆ ದುಡಿದಿದ್ದಾರೆ.

ಅರ್ಧಎಕರೆ

ಅಕ್ಕಾರ, ಲೆಕ್ಕಾ ಛಲೋ ಐತಿ, ಆದ್ರ ಕೊನೀ ಸಾಲು ತಪ್ಪು. ಆ 70 ದಿನಾ ನಮ್ಮನ್ನ ಯಾರ ಕೂಲಿಗೆ ಕರೀತಿದ್ರು? ಕಳೆ ತಗ್ಯೂ ಹೊತ್ತಿನ್ಯಾಗ ಎಲ್ಲಾರ ಹೊಲದಾಗೂ ಕೆಲಸ ಇರ್ತೈತಿ, ಆವಾಗ ಕರೀತಾರ, ಖರೆ. ಉಳದ ದಿನಾ ಮನ್ಯಾಗ ಕುಂತ್ರ ಸೊನ್ನಿ. ಸೊನ್ನಿಗಿಂತ 30 ಹೆಚ್ಚ ಅಲ್ಲೇನ್ರಿ? ನಿಮ್ಮ ಲೆಕ್ಕ ನಂಬಿ ಬೆಳೆ ಬಿಟ್ಟವ ಉಪಾಸ ಬೀಳ್ತಾನ.

ಲೆಕ್ಕದಕ್ಕ

ಸರಿಯಾಗಿ ಹಿಡಿದ್ರಿ. ನಾನು ಎಷ್ಟೋ ವರ್ಷ ಈ ತಪ್ಪು ಲೆಕ್ಕಾನೇ ಹೇಳ್ಕೊಡ್ತಿದ್ದೆ, ಒಬ್ಬ ಹೆಂಗಸು ಹೀಗೇ ಕೇಳಿ ಬಾಯಿ ಮುಚ್ಚಿಸಿದ್ರು. ಈಗ ದಿನಗಳನ್ನ ಎರಡು ಗುಡ್ಡೆ ಮಾಡಿಸ್ತೀನಿ, ಕೂಲಿ ಸಿಗೋ ದಿನ, ಸಿಗದ ದಿನ. ಇದೇ ಉದಾಹರಣೆಯಲ್ಲಿ 25 ದಿನ ಮಾತ್ರ ಹೊರಗೆ ಕೂಲಿ ಸಿಗ್ತಿತ್ತು ಅಂದ್ರೆ ಕಳ್ಕೊಂಡಿದ್ದು 1,250. 2,100ರಲ್ಲಿ ಅದನ್ನ ತೆಗೆದ್ರೆ 850 ಉಳೀತು, ಬೆಳೆ ಇಟ್ಕೊಬಹುದು. ಆದ್ರೆ ಗಮನಿಸಿ, ಅದೇ ಮನೆಯವರು ಇನ್ನೊಂದಿಷ್ಟು ಜಾಗಕ್ಕೆ ಟೊಮ್ಯಾಟೊ ಹಾಕಿದ್ರೆ ಹೆಚ್ಚಾಗೋ ದಿನಗಳು ಬಿಡುವಿನ ದಿನಗಳಲ್ಲ, ಕೂಲಿ ಕೊಟ್ಟು ಆಳು ಕರೀಬೇಕಾದ ದಿನಗಳು. ಸಣ್ಣ ತುಂಡಿನಲ್ಲಿ ಲಾಭ ಕೊಟ್ಟ ಬೆಳೆ ದೊಡ್ಡ ತುಂಡಿನಲ್ಲಿ ಕೈಕೊಡೋದು ಹೆಚ್ಚಾಗಿ ಇಲ್ಲೇ. "ಎಷ್ಟು ಜಾಗಕ್ಕೆ ಹಾಕ್ಲಿ" ಅನ್ನೋ ಅಣ್ಣನ ಎರಡನೇ ಪ್ರಶ್ನೆಗೆ ಇದೇ ಉತ್ತರ.

ಇನ್ನೊಂದು ಸ್ವಲ್ಪ ಸೂಕ್ಷ್ಮ ಇದೆ, ಆದ್ರೆ ಇದು ಬಂದ್ರೆ ಜನ ಬಿಡಲ್ಲ. ಅಸಲು ಬರೋ ರೇಟು ಒಂದಲ್ಲ, ಎರಡು. ಮೇಲಿನ ಕೂಲಿ 2,200ರಲ್ಲಿ 800 ಕೊಯ್ಲಿನದ್ದು ಅಂದ್ಕೊಳ್ಳಿ, ಸಾಗಾಟ 1,200, ಎರಡೂ ಸೇರಿ 2,000, ಅಂದ್ರೆ ಕ್ರೇಟಿಗೆ 4. ಕಮಿಷನ್ ನೂರಕ್ಕೆ 5. ಉಳಿದ 5,400 ಕೊಯ್ಲಿಗೆ ಮುಂಚೆನೇ ಮಣ್ಣಿಗೆ ಸೇರಿದ ದುಡ್ಡು. ಪೂರ್ತಿ ಅಸಲು ಬರಬೇಕು ಅಂದ್ರೆ ಕ್ರೇಟಿಗೆ ಹೆಚ್ಚುಕಮ್ಮಿ 15.6 ಬೇಕು. ಇದು ಸಸಿ ಹಾಕೋಕೆ ಮುಂಚೆ ನೋಡೋ ರೇಟು. ಆದ್ರೆ ಹಣ್ಣು ಗಿಡದಲ್ಲಿದೆ, ರೇಟು 5ಕ್ಕೆ ಬಿತ್ತು, ಕೀಳ್ಲೋ ಬೇಡ್ವೋ? ಆಗ 15.6 ಮರ್ತುಬಿಡಿ, ಹೋಗಿದ್ದು ಹೋಯ್ತು. ಕೀಳೋಕೆ ಸಾಗ್ಸೋಕೆ 4, ಕಮಿಷನ್ 0.25, ಕ್ರೇಟಿಗೆ 0.75 ಉಳಿಯುತ್ತೆ, ಕೀಳಿ. 4ಕ್ಕೆ ಬಿದ್ರೆ ಕಿತ್ತಷ್ಟೂ ಕೈಯಿಂದ ಹೋಗುತ್ತೆ, ಬಿಟ್ಟುಬಿಡಿ. ಸಿಟ್ಟಲ್ಲಿ 8ರ ರೇಟಿಗೆ ಬೆಳೆ ಹೊಲದಲ್ಲೇ ಬಿಟ್ಟವರನ್ನೂ ನೋಡಿದೀನಿ, ಹಟದಲ್ಲಿ 3ರ ರೇಟಿಗೆ ಲೋಡ್ ತುಂಬಿದವರನ್ನೂ ನೋಡಿದೀನಿ. ಎರಡೂ ನಷ್ಟ.

ಮತ್ತೆ ಇಳುವರಿ. ರೇಟು 20ರಲ್ಲೇ ಇದೆ, ಆದ್ರೆ ರೋಗ ಬಂದು 500ರ ಬದಲು 350 ಕ್ರೇಟ್ ಬಂತು ಅಂದ್ರೆ? 7,000 ಬರುತ್ತೆ, 7,150 ಖರ್ಚು. 150 ಕೈಯಿಂದ. "ರೇಟ್ ಸಿಕ್ಕಿದ್ರೆ ಸಾಕು" ಅನ್ನೋರಿಗೆ ಈ ಸಾಲು ತೋರಿಸ್ಬೇಕು.

ಹೊಸಹುರುಪು

ಇದಕ್ಕೆಲ್ಲ ಒಂದು ಆ್ಯಪ್ ಮಾಡ್ಬಿಟ್ರೆ ಆಗಲ್ವಾ? ಖರ್ಚು ಹಾಕಿದ್ರೆ ಅದೇ ಲಾಭ ತೋರಿಸುತ್ತೆ.

ಲೆಕ್ಕದಕ್ಕ

ತಮ್ಮಾ, ಖರ್ಚು ಹಾಕೋರು ಯಾರು? ಕೆಸರು ಕೈಯಲ್ಲಿ ದಿನಾ ಸಂಜೆ ಫೋನ್ ತೆಗೆದು ಹಾಕೋ ಅಭ್ಯಾಸ ಬಂದವರಿಗೆ ಆ್ಯಪ್ ಚೆನ್ನಾಗಿದೆ, ಆ ಅಭ್ಯಾಸ ಬರೋದೇ ಕಷ್ಟ. ಮೊದಲು ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ಆಯಾ ದಿನದ ಚೌಕದೊಳಗೆ ಅಂಕಿ ಬರೀಲಿ. ನಾನು ನೋಡಿದ ಒಳ್ಳೇ ದಾಖಲೆಗಳೆಲ್ಲ ಕ್ಯಾಲೆಂಡರ್ ಮೇಲೇ ಇದ್ವು, ಅದೂ ಹೈಸ್ಕೂಲು ಓದೋ ಮಗಳ ಅಕ್ಷರದಲ್ಲಿ.

ಸಂತೆಸುತ್ತೋನು

ಲೆಕ್ಕ ಎಲ್ಲಾ ಸರಿ, ಆದ್ರೆ ಅಕ್ಕನ 20ರ ರೇಟು ಎಲ್ಲಿಂದ ಬಂತು? ಹೋದ ಸಲದ್ದು. ಹೋದ ಸಲದ ರೇಟು ನೋಡಿ ಈ ಸಲ ಬಿತ್ತೋದೇ ದೊಡ್ಡ ರೋಗ, ಎಲ್ಲರೂ ಹಾಗೇ ಮಾಡ್ತಾರೆ, ಎಲ್ಲರ ಮಾಲೂ ಒಂದೇ ವಾರ ಬರುತ್ತೆ, ರೇಟು ಬೀಳುತ್ತೆ, ಮುಂದಿನ ಸಲ ಯಾರೂ ಹಾಕಲ್ಲ, ರೇಟು ಏರುತ್ತೆ. ಇದೇನು ಹೊಸದಲ್ಲ, ಜರ್ಮನಿಯ ಆರ್ಥಿಕ ತಜ್ಞ ಆರ್ಥರ್ ಹಾನೌ 1928ರಲ್ಲೇ ಹಂದಿ ಸಾಕೋರ ಲೆಕ್ಕ ಹಿಡಿದು ಈ ಏರಿಳಿತ ತೋರಿಸಿದ್ದ, ಅದಕ್ಕೆ ಹಂದಿ ಚಕ್ರ ಅಂತಲೇ ಹೆಸರು ಬಿತ್ತು. ಹಂದಿ ಹೋಗಿ ಈರುಳ್ಳಿ ಬಂದ್ರೂ ಚಕ್ರ ಅದೇ.

ಇದಕ್ಕೆ ಮದ್ದು ಏನಂದ್ರೆ ರೈತರನ್ನೇ ಮಾರ್ಕೆಟ್‌ಗೆ ಕಳಿಸೋದು, ಅದೂ ಬಿತ್ತೋಕೆ ಮುಂಚೆ, ಮಾರೋಕೆ ಏನೂ ಇಲ್ಲದೆ, ಖಾಲಿ ಕೈಯಲ್ಲಿ. ಕೆನ್ಯಾದಲ್ಲಿ 2006ರಲ್ಲಿ ಅಲ್ಲಿನ ಕೃಷಿ ಸಚಿವಾಲಯ ಮತ್ತೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಸೇರಿ ತರಕಾರಿ ಬೆಳೆಯೋ ಸಣ್ಣ ರೈತರಿಗೆ ಶೆಪ್ ಅನ್ನೋ ಕಾರ್ಯಕ್ರಮ ಶುರು ಮಾಡಿದ್ರು, ಅದರ ತಿರುಳೇ ಇದು. ಅಧಿಕಾರಿ ಬಂದು ರೇಟ್ ಹೇಳಲ್ಲ, ಗುಂಪಿನವರೇ ಹೋಗಿ ಕೇಳ್ಕೊಂಡು ಬರ್ತಾರೆ, ವಾಪಸ್ ಬಂದು ಎಲ್ಲರೂ ಸೇರಿ ಬೆಳೆ ಆರಿಸ್ತಾರೆ, ಬೆಳೆ ಕ್ಯಾಲೆಂಡರ್ ಹಾಕ್ತಾರೆ, ಬೇಸಾಯದ ತಾಂತ್ರಿಕ ತರಬೇತಿ ಬರೋದು ಅದಾದ ಮೇಲೆ. ಮಾಮೂಲಿ ತರಬೇತಿಯ ಉಲ್ಟಾ. ಬೆಳೆದು ಮಾರೋದಲ್ಲ, ಮಾರೋಕೆ ಅಂತ ಬೆಳೆಯೋದು ಅನ್ನೋದು ಅವರ ಮಾತು. ಆಮೇಲೆ ಆಫ್ರಿಕಾದ ಬೇರೆ ಬೇರೆ ದೇಶಕ್ಕೂ ಹೋಯ್ತು.

ನಾನು ಒಂದು ಗುಂಪನ್ನ ಹೀಗೆ ಕರ್ಕೊಂಡು ಹೋಗಿದ್ದೆ. ಹೊರಡೋ ಮುಂಚೆ ಪ್ರಶ್ನೆ ಬಾಯಿಪಾಠ ಮಾಡಿಸಿದ್ದೆ: ಯಾವ ತಿಂಗಳು ಮಾಲು ಕಮ್ಮಿ ಬರುತ್ತೆ? ಯಾವ ಸೈಜು ಬೇಕು? ಒಂದು ಸಲಕ್ಕೆ ಕಮ್ಮಿ ಅಂದ್ರೆ ಎಷ್ಟು ತಂದ್ರೆ ತಗೋತೀರ? ದುಡ್ಡು ಆ ದಿನವೇನಾ, ಆಮೇಲಾ? ಮಾಲು ವಾಪಸ್ ಮಾಡೋದು ಯಾಕೆ? ಒಬ್ಬ ವ್ಯಾಪಾರಿ ಮೊದಲು ಮುಖ ತಿರುಗಿಸಿದ, ಆಮೇಲೆ ನಮ್ಮವನೊಬ್ಬ "ಹೋದ ವರ್ಷ ನಮ್ಮ ಮಾಲು ಯಾಕೆ ಕಮ್ಮಿಗೆ ತಗೊಂಡ್ರಿ" ಅಂತ ನೇರ ಕೇಳಿದ. ಆತ ಒಂದು ಚೀಲ ಎತ್ತಿ ನೆಲಕ್ಕೆ ಸುರಿದ. ಮೇಲೆ ದಪ್ಪ ದಪ್ಪ, ಕೆಳಗೆ ಗೋಲಿಯಂಥವು. "ಇದನ್ನ ಬೇರೆ ಮಾಡೋಕೆ ನಾನು ಇಬ್ಬರು ಆಳು ಇಟ್ಟಿದೀನಿ, ಆ ಕೂಲಿ ನಿಮ್ಮ ರೇಟಲ್ಲೇ ಹಿಡೀತೀನಿ" ಅಂದ. ದಾರಿಯುದ್ದಕ್ಕೂ ನಮ್ಮವರು ಅದೇ ಮಾತು. ನಾನು ಹತ್ತು ಸಲ ಹೇಳಿದ್ರೂ ಕಿವಿಗೆ ಹೋಗದ ವಿಷಯ ಆ ಒಂದು ಚೀಲದಲ್ಲಿ ಹೋಯ್ತು.

ಅಂಕಿಭೂತ

ಪೇಪರ್ ಓದೋ ಚಟದವನು, ಎರಡು ಅಧ್ಯಯನ ಹೇಳ್ತೀನಿ. ಎರಡೂ ರೈತರ ಮೇಲೆ ಅಂತ ಮಾಡಿದ್ದಲ್ಲ, ಸಣ್ಣ ವ್ಯಾಪಾರಿಗಳ ಮೇಲೆ ಮಾಡಿದ್ದು, ಅದನ್ನ ನೆನಪಿಟ್ಟುಕೊಂಡು ಓದಿ.

ಒಂದು ಡೊಮಿನಿಕನ್ ಗಣರಾಜ್ಯದ್ದು, 2014ರಲ್ಲಿ ಪ್ರಕಟ ಆಯ್ತು. ಡ್ರೆಕ್ಸ್‌ಲರ್, ಫಿಷರ್, ಶೋರ್ ಅಂತ ಮೂವರು ಸಂಶೋಧಕರು. ಸಣ್ಣ ಸಾಲ ತಗೊಂಡವರನ್ನ ಭಾಗ ಮಾಡಿ ಒಂದು ಗುಂಪಿಗೆ ಶಾಸ್ತ್ರೋಕ್ತ ಲೆಕ್ಕಪತ್ರ ಕಲಿಸಿದ್ರು, ಇನ್ನೊಂದಕ್ಕೆ ಬರೀ ಸರಳ ರೂಢಿ ನಿಯಮ. ಮನೆ ದುಡ್ಡು ಒಂದು ಡ್ರಾ, ವ್ಯಾಪಾರದ ದುಡ್ಡು ಇನ್ನೊಂದು ಡ್ರಾ, ಒಂದರಿಂದ ಇನ್ನೊಂದಕ್ಕೆ ತಗೊಂಡ್ರೆ ಚೀಟಿ ಬರೆದು ಹಾಕು, ಈ ಥರ. ಲೆಕ್ಕಪತ್ರ ಕಲಿತವರಲ್ಲಿ ಹೇಳ್ಕೊಳ್ಳೋ ಬದಲಾವಣೆ ಕಾಣ್ಲಿಲ್ಲ. ಡ್ರಾ ಗುಂಪಿನವರ ಲೆಕ್ಕ ಇಡೋ ರೀತಿ ಸುಧಾರಿಸ್ತು, ವ್ಯಾಪಾರ ಡಲ್ ಆದ ವಾರಗಳಲ್ಲಿ ಮಾರಾಟ ಮೊದಲಿಗಿಂತ ವಾಸಿ ಆಯ್ತು.

ಎರಡನೇದು ಟೋಗೊ ದೇಶದ್ದು, 2017ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು, 1,500 ಸಣ್ಣ ಉದ್ದಿಮೆಗಳು. ಮಾಮೂಲಿ ಬಿಸಿನೆಸ್ ತರಬೇತಿ ಪಡೆದವರ ಲಾಭ ಶೇ 11 ಏರಿದ ಹಾಗೆ ಕಾಣ್ತು, ಆದ್ರೆ ಅದು ಅಂಕಿಅಂಶದ ಜರಡಿಯಲ್ಲಿ ನಿಲ್ಲೋವಷ್ಟು ಗಟ್ಟಿ ಇರ್ಲಿಲ್ಲ. ತಾನಾಗೇ ಮುಂದೆ ಬಿದ್ದು ಹೊಸದು ಹುಡುಕೋದು, ಅಡ್ಡಿ ಬಂದ್ರೆ ಬಿಡದೆ ಇರೋದು, ಇಂಥ ಮನೋಭಾವದ ತರಬೇತಿ ಪಡೆದವರ ಲಾಭ ಶೇ 30 ಏರ್ತು.

ಅಂದ್ರೆ 32 ಪುಟದ ಫಾರ್ಮು ಸೋತಿದ್ದಕ್ಕೆ ನೀವು ಬೇಜಾರು ಮಾಡ್ಕೊಬೇಕಿಲ್ಲ, ಅಂಥಾ ತರಬೇತಿ ಬೇರೆ ಕಡೆನೂ ಸೋತಿದೆ.

ಗುಂಪಿನ_ಖಜಾಂಚಿ

ಅಂಕಿಭೂತ ಅವರ ಡ್ರಾ ಕಥೆ ಓದಿ ನಗು ಬಂತು, ನಮ್ಮ ಉಳಿತಾಯ ಗುಂಪಿನ ಹೆಂಗಸರು ಯಾರ ಪಾಠ ಇಲ್ಲದೆ ಇದನ್ನೇ ಮಾಡ್ತಾರೆ, ಡ್ರಾ ಬದಲು ಡಬ್ಬಿ ಅಷ್ಟೆ.

ನಾನು ಹೇಳಬೇಕು ಅಂದಿದ್ದು ಬೇರೆ. ಲೆಕ್ಕದಕ್ಕನ ಲೆಕ್ಕದಲ್ಲಿ ಲಾಭ ಇದ್ರೂ ಮನೆ ಮುಳುಗಬಹುದು, ಯಾಕಂದ್ರೆ ಲಾಭ ವರ್ಷಕ್ಕೊಂದು ಸಲ ಬರುತ್ತೆ, ಖರ್ಚು ತಿಂಗಳು ತಿಂಗಳೂ ಬರುತ್ತೆ. ಓದು ಬರಹ ಇಲ್ಲದವರ ಜೊತೆ ನಾವು ಇದನ್ನ ನೆಲದ ಮೇಲೆ ಮಾಡ್ತೀವಿ. ಕೋಲಿನಿಂದ 12 ಮನೆ ಗೀಚೋದು, ಒಂದೊಂದು ಒಂದು ತಿಂಗಳು. ಬರೋ ದುಡ್ಡಿಗೆ ಕಲ್ಲು, ಹೋಗೋ ದುಡ್ಡಿಗೆ ಕಡ್ಡಿ, ಒಂದು ಕಲ್ಲೂ ಒಂದು ಕಡ್ಡಿಯೂ ಒಂದೇ ಬೆಲೆ ಅಂತ ಮೊದಲೇ ಮಾತಾಡ್ಕೊಂಡಿರಬೇಕು. ಸಾಧ್ಯವಾದಷ್ಟು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ.

ಒಂದು ಮನೆಯಲ್ಲಿ ಗಂಡ ಕುಕ್ಕರಗಾಲಲ್ಲಿ ಕೂತು ಟಕಟಕ ಇಟ್ಟ. ಬಿತ್ತನೆ ತಿಂಗಳು ಐದು ಕಡ್ಡಿ, ಕೊಯ್ಲು ತಿಂಗಳು ಹದಿನಾಲ್ಕು ಕಲ್ಲು, ಮುಗೀತು ಅಂತ ಎದ್ದ. ಹೆಂಡತಿ ಏನೂ ಮಾತಾಡ್ಲಿಲ್ಲ, ಸೆರಗಲ್ಲಿ ಹಿಡಿ ಕಡ್ಡಿ ಇಟ್ಕೊಂಡಿದ್ಲು, ಬಗ್ಗಿ ಒಂದೊಂದೇ ಮನೆಗೆ ಹಾಕ್ತಾ ಹೋದ್ಲು. ಇದು ಸ್ಕೂಲು ಫೀಸು, ಇದು ಅತ್ತೆ ಮಾತ್ರೆ, ಇದು ಮಾತ್ರೆ, ಇದೂ ಮಾತ್ರೆ. ಕೊಯ್ಲಿಗೆ ಮೂರು ತಿಂಗಳು ಮುಂಚಿನ ಮನೆಯಲ್ಲಿ ಏಳು ಕಡ್ಡಿ ಆಯ್ತು, ಕಲ್ಲು ಒಂದೂ ಇಲ್ಲ. "ಈ ತಿಂಗಳು ಏನು ಮಾಡಿದ್ರಿ?" ಅಂತ ಕೇಳಿದೆ. ಗಂಡ ನೆಲ ನೋಡ್ತಾ ಹೇಳಿದ, ಬೆಳೆ ಗಿಡದಲ್ಲಿರೋವಾಗ್ಲೇ ಒಬ್ಬ ವ್ಯಾಪಾರಿ ಹತ್ರ ಮುಂಗಡ ತಗೊಂಡಿದ್ದ, ಅವನು ಹೇಳಿದ ರೇಟಿಗೇ ಕೊಡಬೇಕಾಯ್ತು. ಅಂದ್ರೆ ರೇಟು ಕೈತಪ್ಪಿದ್ದು ಮಾರ್ಕೆಟ್‌ನಲ್ಲಲ್ಲ, ಆ ಏಳು ಕಡ್ಡಿಯ ಮನೆಯಲ್ಲಿ.

ಆಮೇಲೆ ಇಬ್ಬರೂ ಕೂತು ಎರಡು ಕಲ್ಲು ಆ ತಿಂಗಳಿಗೆ ಹೇಗೆ ತರೋದು ಅಂತ ಯೋಚಿಸಿದ್ರು. ಒಂದು ಮೂಲೆಗೆ ಬೇಗ ಬರೋ ಸೊಪ್ಪು, ಮತ್ತೆ ಗುಂಪಿಂದ ಸಣ್ಣ ಸಾಲ. ಏಳಕ್ಕೆ ಎರಡು ಸಾಕಾಗಲ್ಲ ನಿಜ, ಆದ್ರೆ ಮುಂಗಡ ಪೂರ್ತಿ ಬದಲು ಅರ್ಧಕ್ಕೆ ಇಳೀತು.

ಹಳೇವಿಸ್ತರಣೆ

ಕೃಷಿ ವಿಸ್ತರಣೆಯಲ್ಲಿ ಕೂದಲು ಬೆಳ್ಳಗಾದವನು, ನನ್ನದೂ ಒಂದು ಮಾತು. ಪ್ರಪಂಚದಲ್ಲಿ ಒಟ್ಟು 60 ಕೋಟಿಗೂ ಮೀರಿ ಹಿಡುವಳಿಗಳಿವೆ, ಅದರಲ್ಲಿ ಶೇ 84ರಷ್ಟು 2 ಹೆಕ್ಟೇರಿಗಿಂತ ಸಣ್ಣವು, ಜಗತ್ತಿನ ಆಹಾರದಲ್ಲಿ ಸುಮಾರು ಶೇ 35 ಇವರದ್ದೇ ಅಂತ 2021ರಲ್ಲಿ ಬಂದ ಒಂದು ಅಂದಾಜು. ಇಷ್ಟು ಜನಕ್ಕೆ ಮೂರು ದಿನದ ಕ್ಲಾಸು ಮಾಡಿ ಸರ್ಟಿಫಿಕೇಟ್ ಕೊಡೋದು ನಮ್ಮ ಅನುಕೂಲಕ್ಕೆ, ಅವರ ಅನುಕೂಲಕ್ಕಲ್ಲ.

1989ರಲ್ಲಿ ಇಂಡೊನೇಷ್ಯಾದಲ್ಲಿ ಭತ್ತದ ಜಿಗಿಹುಳು ಕಾಟಕ್ಕೆ ರೈತರ ಕ್ಷೇತ್ರ ಪಾಠಶಾಲೆ ಶುರುವಾಯ್ತು. ವಾರಕ್ಕೊಂದು ಬೆಳಿಗ್ಗೆ, ಬಿತ್ತನೆಯಿಂದ ಕೊಯ್ಲಿನವರೆಗೆ, ಗದ್ದೆಯಲ್ಲೇ. ಹುಳು ಬಂದ ವಾರ ಹುಳದ ಪಾಠ. ಆಮೇಲೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್ಎಓದವರು ಇದೇ ದಾರಿಯಲ್ಲಿ ಕೃಷಿ ವ್ಯವಹಾರ ಶಾಲೆ ಅಂತ ಮಾಡಿದ್ರು, ಸುಮಾರು 2010ರಿಂದ ಜರ್ಮನಿ ಸರ್ಕಾರದ ನೆರವು ಸಂಸ್ಥೆ ಜಿಐಜೆಡ್ ಪಶ್ಚಿಮ ಆಫ್ರಿಕಾದ ಕೋಕೊ ಬೆಳೆಗಾರರಿಗೆ ಇಂಥದ್ದೇ ಶಾಲೆ ನಡೆಸ್ತು, ಅಲ್ಲಿ ಕೋಕೊ ಒಂದನ್ನೇ ನೆಚ್ಕೊಳ್ಳದೆ ಊಟದ ಬೆಳೆಗಳನ್ನೂ ವ್ಯವಹಾರ ಅಂತ ಲೆಕ್ಕ ಹಾಕೋದು ಕಲಿಸ್ತಾರೆ.

ನಿಮಗೆ ಹೇಳೋದು ಇಷ್ಟೇ, ಪಾಠ ಬೆಳೆ ಜೊತೆ ನಡೀಲಿ. ಬಿತ್ತೋಕೆ ಆರು ವಾರ ಮುಂಚೆ ಹೋದ ಬೆಳೆ ಲೆಕ್ಕ ಮತ್ತೆ ಮಾರ್ಕೆಟ್ ಸುತ್ತಾಟ. ಬಿತ್ತೋ ಹೊತ್ತಿಗೆ ಕಡ್ಡಿ ಕಲ್ಲು. ಮಧ್ಯದಲ್ಲಿ ಕ್ಯಾಲೆಂಡರ್ ನೋಡೋಕೆ ಒಂದೆರಡು ಭೇಟಿ. ಕೊಯ್ಲಿಗೆ ಮುಂಚೆ ಕೀಳೋ ರೇಟಿನ ಲೆಕ್ಕ. ಕೊಯ್ಲಾದ ಮೇಲೆ ಅಂದ್ಕೊಂಡಿದ್ದೇನು ಆಗಿದ್ದೇನು. ಒಂದೊಂದು ಎರಡು ಗಂಟೆ ಸಾಕು. ಕೊನೇ ಭೇಟಿಗೆ ಬಜೆಟ್ ಇರಲ್ಲ ಅಂತ ಬಿಡ್ತಾರೆ, ನಾನೂ ಬಿಟ್ಟಿದೀನಿ, ಅದನ್ನ ಬಿಟ್ರೆ ಉಳಿದದ್ದು ಎಲ್ಲಾ ಭಾಷಣ.

ಅರ್ಧಎಕರೆ

ಹಿರಿಯರ ಮಾತು ಖರೆ. ಆದ್ರ ಒಂದು ನೆನಪಿಡ್ರಿ, ಲೆಕ್ಕಾ ಕಲಿಸಿ ರಸ್ತೆ ಇಲ್ಲ, ಗೋದಾಮಿಲ್ಲ, ತೂಕದಾಗ ಮೋಸ ಅಂದ್ರ, ಲೆಕ್ಕಾ ಕಲತವ ತನ್ನ ನಷ್ಟ ಎಷ್ಟ ಅಂತ ಛಂದ ಹೇಳ್ತಾನ ಅಷ್ಟ. ಕಳೆದ ಸಲ ನಾ ತಗೊಂಡ ತರಬೇತ್ಯಾಗ "ನಷ್ಟ ಆದ್ರ ನಿಮ್ಮ ಯೋಜನಾ ಸರಿ ಇಲ್ಲ" ಅಂದಿದ್ರು. ಆಲಿಕಲ್ಲಿಗೆ ಯಾವ ಯೋಜನಾನ್ರಿ?

ಲೆಕ್ಕದಕ್ಕ

ಅಣ್ಣಾ, ಅದಕ್ಕೇ ಲೆಕ್ಕ ಒಬ್ಬೊಬ್ಬರೇ ಇಟ್ಕೋಬಾರದು. 20 ಮನೆಯ ಸಾಗಾಟ ಖರ್ಚು ಒಂದೇ ಹಾಳೆಯಲ್ಲಿ ಕಂಡಾಗ ಒಂದು ಗಾಡಿ ಮಾಡೋಣ ಅನ್ನೋ ಮಾತು ಬರುತ್ತೆ. ತೂಕದ ಚೀಟಿಗಳನ್ನ ಒಟ್ಟಿಗೆ ಇಟ್ಟಾಗ ಯಾರು ಎಷ್ಟು ಹಿಡೀತಾರೆ ಅಂತ ಗೊತ್ತಾಗುತ್ತೆ. ಆಲಿಕಲ್ಲಿಗೆ ನನ್ನ ಹತ್ರನೂ ಉತ್ತರ ಇಲ್ಲ, ಇರೋ ಜಮೀನೆಲ್ಲ ಒಂದೇ ಬೆಳೆಗೆ ಹಾಕ್ಬೇಡಿ ಅನ್ನೋದು ಬಿಟ್ರೆ. ಮತ್ತೆ ಆ ತರಬೇತಿಯವರು ಹೇಳಿದ್ದು ತಪ್ಪು. ನಷ್ಟ ಆದವರ ಮುಂದೆ ಹಾಗೆ ಹೇಳೋಕೆ ಬಾಯಾದ್ರೂ ಹೇಗೆ ಬರುತ್ತೋ.

ತರಬೇತಿ_ಸುಸ್ತು

ಐದು ವಾರ ಆದ್ಮೇಲೆ ಬರ್ತಾ ಇದೀನಿ, ಕ್ಷಮಿಸಿ. ಎರಡು ಭೇಟಿ ಆಯ್ತು. ಮೊದಲನೇದಕ್ಕೆ ಬಂದಿದ್ದು 14 ಜನ, ಹೋದ ಸಲದ ಬೇಸರ ಇನ್ನೂ ಇತ್ತು. ಟೊಮ್ಯಾಟೊ ಬೆಳೆದ ಒಬ್ಬರನ್ನ ಮಧ್ಯೆ ಕೂರಿಸಿ ಲೆಕ್ಕ ಹೇಳಿಸಿದೆ. ಅಕ್ಕ ಹೇಳಿದ ಹಾಗೇ ಜಗಳ ಆಯ್ತು, ಔಷಧಿ ಖರ್ಚು ಎಷ್ಟು ಅನ್ನೋದರ ಮೇಲೇ ಇಪ್ಪತ್ತು ನಿಮಿಷ. ನಾನು ಅಂಕಿ ಬೋರ್ಡ್ ಮೇಲೆ ಬರೆದಿದ್ದು ಬಿಟ್ರೆ ಬಾಯಿ ತೆಗೀಲಿಲ್ಲ. ಕೊನೆಗೆ ಉಳಿದಿದ್ದು ಮೈನಸ್. ಅವರ ಮುಖ ಸಣ್ಣದಾಯ್ತು, ನನಗೆ ಎಲ್ಲರ ಮುಂದೆ ಅವರ ಮರ್ಯಾದೆ ಕಳೆದ ಹಾಗಾಯ್ತಲ್ಲ ಅನ್ನಿಸ್ತು. ಮುಂದಿನ ಸಲ ನಿಜವಾದ ಮನೆ ಬದಲು ಎಲ್ಲರೂ ಸೇರಿ ಕಟ್ಟಿದ ಒಂದು ಸುಳ್ಳು ಮನೆ ಇಟ್ಕೊಂಡು ಮಾಡ್ತೀನಿ, ನಿಜವಾದ ಅಂಕಿ ಮನೆಗೆ ಹೋಗಿ ಹಾಕ್ಕೊಳ್ಳಲಿ. ಇದು ಯಾರೂ ಹೇಳಿರ್ಲಿಲ್ಲ ನನಗೆ.

ಎರಡನೇ ಭೇಟಿಗೆ 23 ಜನ. ಕಲ್ಲು ಕಡ್ಡಿ. ಹಿಂದೆ ಮಗ್ಗುಲಲ್ಲಿ ಸುಮ್ಮನೆ ಕೂತಿರ್ತಿದ್ದ ಹೆಂಗಸರೇ ಪೂರ್ತಿ ನಡೆಸಿದ್ರು, ಗಂಡಸರು ಕಡ್ಡಿ ಆರಿಸ್ಕೊಂಡು ತಂದುಕೊಟ್ರು ಅಂತ ಹೇಳಬಹುದು. ಸಾಲ ಸಿಗುತ್ತಾ ಅಂತ ಕೇಳಿದ್ದ ಹಿರಿಯರು ಆವತ್ತು ನೆಲದ ಮೇಲೆ ಗೀಚಿದ ತಮ್ಮ 12 ಮನೆಗಳ ಮುಂದೆ ತುಂಬ ಹೊತ್ತು ನಿಂತಿದ್ರು. ಆಮೇಲೆ ಕರೆದು ಹೇಳಿದ್ರು, "ಕೇಳಬೇಕು ಅಂದ್ಕೊಂಡಷ್ಟು ಸಾಲ ಬೇಡ ಅನ್ಸುತ್ತೆ, ಈ ತಿಂಗಳಿಗೆ ಮಾತ್ರ ಬೇಕು."

ಮಾರ್ಕೆಟ್ ಸುತ್ತಾಟ ಮುಂದಿನ ವಾರ, ಸಂತೆಸುತ್ತೋನು ಅವರ ಪ್ರಶ್ನೆಗಳನ್ನೇ ಕದ್ದಿದೀನಿ.

ಒಂದು ಕಡೆ ಸಿಕ್ಕಾಕ್ಕೊಂಡಿದೀನಿ. ಎರಡು ಡಬ್ಬಿ ನಿಯಮ ಹೇಳಿದ ತಕ್ಷಣ ಒಬ್ಬರು ಅಮ್ಮ ಕೇಳಿದ್ರು, "ಹೊಲದ ಡಬ್ಬಿ ಕೀ ಯಾರ ಹತ್ರ ಇರ್ಬೇಕು?" ಗಂಡ ತಕ್ಷಣ "ನನ್ನ ಹತ್ರ" ಅಂದ, ಅಮ್ಮ ನಕ್ಕು ನನ್ನ ಮುಖ ನೋಡಿದ್ರು. ನಾನು ಮುಂದಿನ ಸಲ ಮಾತಾಡೋಣ ಅಂತ ಜಾರಿಕೊಂಡೆ. ಏನು ಹೇಳ್ಲಿ?

ಗುಂಪಿನ_ಖಜಾಂಚಿ

ಸರ್, 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಸಂಸ್ಥೆ ಹೆಂಗಸರ ಉಳಿತಾಯ ಗುಂಪು ಶುರು ಮಾಡಿದ್ದು, ಆ ಮಾದರಿಯ ಪೆಟ್ಟಿಗೆಗೆ ಮೂರು ಬೀಗ, ಮೂರು ಕೀ ಮೂವರ ಮನೆಯಲ್ಲಿ. ಪೆಟ್ಟಿಗೆ ತೆಗೆಯೋದು ಎಲ್ಲರೂ ಸೇರಿದಾಗ ಮಾತ್ರ. ನಮ್ಮದೂ ಹಾಗೇ. ಮನೆ ಡಬ್ಬಿಗೆ ಮೂರು ಬೇಡ, ಎರಡು ಬೀಗ ಹಾಕ್ಸಿ, ಗಂಡನಿಗೊಂದು ಕೀ ಹೆಂಡತಿಗೊಂದು.

ಅರ್ಧಎಕರೆ

ನಮ್ಮ ಮನ್ಯಾಗ ಎರಡೂ ಕೀ ಅವ್ವನ ಕಡೆ ಅದಾವು. ಇಲ್ಲೀ ತನಕ ಬಿತ್ತನಿ ಬೀಜಕ್ಕ ಸಾಲ ಮಾಡಿಲ್ಲ.